ಕಡಲ ಬದಿಯ ಮನೆಗೆ ಯುಪಿವಿಸಿ ಸನ್‌ರೂಮ್: ಸೆಕೆಗೂ ಉಪ್ಪುಗಾಳಿಗೂ ತಡೆಯುತ್ತಾ?

ಕಾಪು_ಮನೆಮಗಳು

ಎಲ್ಲರಿಗೂ ನಮಸ್ಕಾರ. ಕಾಪುವಿನ ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ, ನಾನಿರುವುದು ಬೆಂಗಳೂರಿನಲ್ಲಿ. ಮನೆಯಿಂದ ಸಮುದ್ರಕ್ಕೆ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಎದುರಿಗೆ ಪಡು ದಿಕ್ಕಿಗೆ ಸಿಟ್‌ಔಟ್ ಇದೆ, 18 ಅಡಿ ಉದ್ದ, 9 ಅಡಿ ಅಗಲ. ಮೇಲೆ ಶೀಟು, ಸುತ್ತ ಕಬ್ಬಿಣದ ಗ್ರಿಲ್. ಗ್ರಿಲ್ಲಿಗೆ ಎಷ್ಟು ಸಲ ಪೇಂಟ್ ಹೊಡೆಸಿದರೂ ತುಕ್ಕು ಬಿಡುವುದಿಲ್ಲ. ಮಳೆಗಾಲದಲ್ಲಿ ಇರಚಲು ಹೊಡೆದು ಕುರ್ಚಿ, ಪೇಪರು, ಚಪ್ಪಲಿ ಎಲ್ಲ ಒದ್ದೆ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡರ ಮೇಲೆ ಅಲ್ಲಿ ಕೂರಲಿಕ್ಕೇ ಆಗುವುದಿಲ್ಲ.

ಇದನ್ನು ಯುಪಿವಿಸಿ ಸನ್‌ರೂಮ್, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಗಾಜಿನ ಕೋಣೆ ಮಾಡಿಸೋಣ ಅಂತ ಯೋಚನೆ. ಒಬ್ಬ ಫ್ಯಾಬ್ರಿಕೇಟರ್ ಫೋಟೋ ತೋರಿಸಿದರು. ಮೂರು ಕಡೆ ಗಾಜು, ಮೇಲೂ ಗಾಜು. ನೋಡಲು ತುಂಬ ಚೆಂದ. ಪೇಂಟ್ ಬೇಡ, ಗೆದ್ದಲು ಇಲ್ಲ, ವರ್ಷಕ್ಕೊಮ್ಮೆ ಒರೆಸಿದರೆ ಸಾಕು ಅಂದರು. ಸ್ಲೈಡಿಂಗ್‌ಗೆ ಚದರಡಿಗೆ 780 ರೂಪಾಯಿ, ಜಿಎಸ್‌ಟಿ 18% ಬೇರೆ. ಮಾಡಿನ ಗಾಜಿಗೆ ಬೇರೆ ರೇಟು.

ಅಪ್ಪನಿಗೆ ಪೇಪರ್ ಓದುತ್ತಾ ಕೂರಲು ಜಾಗ ಬೇಕು. ಅಮ್ಮನಿಗೆ ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಜಾಗ ಬೇಕು. ಇಬ್ಬರಿಗೂ ವಯಸ್ಸಾಗಿದೆ, ಏಣಿ ಹತ್ತಿ ಕ್ಲೀನ್ ಮಾಡುವ ಕೆಲಸ ಆಗುವುದಿಲ್ಲ. ಈ ಪ್ಲಾಸ್ಟಿಕ್ ನಮ್ಮ ಬಿಸಿಲಿಗೆ ಸೊಟ್ಟಗಾಗುತ್ತಾ? ಹಳದಿ ಆಗುತ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸೆಕೆಯಪ್ಪ_ಸೆಕೆ

ಮಾರಾಯ್ರೆ, ಸನ್‌ರೂಮ್ ಅಂದರೆ ಬಿಸಿಲು ಸಿಗದ ಊರಿನವರು ಬಿಸಿಲು ಹಿಡಿದಿಡಲು ಕಟ್ಟಿಕೊಂಡದ್ದು. ನಮಗೆ ಹಿಡಿದಿಡುವಷ್ಟು ಬಿಸಿಲು ಕಮ್ಮಿ ಬಿದ್ದಿದೆಯಾ? ಏಪ್ರಿಲ್‌ನಲ್ಲಿ ಫ್ಯಾನಿನ ಕೆಳಗೆ ಬನಿಯನ್ ಹಾಕಿ ಕೂತರೂ ಬೆವರು ಇಳಿಯುತ್ತದೆ.

ಅಡಿಕೆತೋಟ_ಪುತ್ತೂರು

ತಮಾಷೆ ಅಲ್ಲ, ಅವರು ಹೇಳಿದ್ದು ಸರಿ ಇದೆ. ನಮ್ಮಲ್ಲಿ ಅಡಿಕೆ, ಕೊಬ್ಬರಿ ಒಣಗಿಸಲು ಪಾರದರ್ಶಕ ಶೀಟಿನ ಸೋಲಾರ್ ಗೂಡು ಕಟ್ಟುತ್ತೇವಲ್ಲ, ಗಾಜಿನ ಮಾಡಿನ ಕೋಣೆ ಅದರದ್ದೇ ದೊಡ್ಡಣ್ಣ. ಮಧ್ಯಾಹ್ನ ನಮ್ಮ ಗೂಡಿನೊಳಗೆ ಹೋಗಿ ಅಡಿಕೆ ಮಗುಚಿ ಹೊರಗೆ ಬರುವಷ್ಟರಲ್ಲಿ ಅಂಗಿ ಮೈಗೆ ಅಂಟಿರುತ್ತದೆ. ಅಲ್ಲಿ ನಿಮ್ಮ ತಂದೆಯವರನ್ನು ಕೂರಿಸುತ್ತೀರಾ?

ಬಟ್ಟೆ ಒಣಗಿಸುವ ಲೆಕ್ಕಕ್ಕಾದರೆ ಫಸ್ಟ್‌ಕ್ಲಾಸ್. ಅದೂ ಬಿಸಿಲಿದ್ದಾಗ ಮಾತ್ರ. ಬಿಸಿಲಿದ್ದಾಗ ಬಟ್ಟೆ ಅಂಗಳದಲ್ಲೇ ಒಣಗುತ್ತದೆ ಅಲ್ವಾ?

ಪ್ರೊಫೈಲ್_ಮಂಗಳೂರು

ನಾನು ಇದೇ ಕೆಲಸದಲ್ಲಿ ಇರುವವನು. ಹಾಗಾಗಿ ವ್ಯಾಪಾರದ ಮಾತು ಅನ್ನಿಸಿದರೆ ಅನ್ನಿಸಲಿ. ಮೊದಲು ವಸ್ತುವಿನ ಬಗ್ಗೆ ಹೇಳುತ್ತೇನೆ, ಕೋಣೆಯ ಬಗ್ಗೆ ಆಮೇಲೆ.

ಅಮೆರಿಕದವರು ವಿನೈಲ್ ಅನ್ನುವುದು, ನಾವು ಯುಪಿವಿಸಿ ಅನ್ನುವುದು, ಎರಡೂ ಒಂದೇ. ಮೆದು ಮಾಡುವ ಎಣ್ಣೆ ಹಾಕದ ಗಟ್ಟಿ ಪಿವಿಸಿ. ಬಿಸಿಲಿಗೆ ಹಾಳಾಗದಿರಲಿ ಅಂತ ಅದಕ್ಕೆ ಟೈಟೇನಿಯಂ ಡೈಆಕ್ಸೈಡ್ ಬೆರೆಸುತ್ತಾರೆ. ಅದು ಕಡಿಮೆ ಬಿದ್ದ ಅಗ್ಗದ ಮಾಲು ಹಳದಿ ತಿರುಗುತ್ತದೆ, ಕೈಯಿಟ್ಟರೆ ಸುಣ್ಣದ ಹಾಗೆ ಪುಡಿ ಹತ್ತುತ್ತದೆ. ಯುರೋಪಿನ ಮಾನದಂಡದಲ್ಲಿ ಸಾಧಾರಣ ಹವೆಗೆ ಒಂದು ವರ್ಗ, ತೀವ್ರ ಹವೆಗೆ ಇನ್ನೊಂದು ವರ್ಗ ಇದೆ. ನಿಮಗೆ ಬೇಕಾದದ್ದು ಎರಡನೆಯದು. ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬಾಯಿಮಾತಿಗೆ ಒಪ್ಪಬೇಡಿ.

ಸೊಟ್ಟಗಾಗುವ ವಿಷಯ. ಯುಪಿವಿಸಿ ಮೆತ್ತಗಾಗುವುದು ಸುಮಾರು 75–80 ಡಿಗ್ರಿಯಲ್ಲಿ. ಬಿಳಿ ಪ್ರೊಫೈಲ್ (ಚೌಕಟ್ಟು ಮಾಡುವ ಉದ್ದ ಪಟ್ಟಿ) ನಮ್ಮ ಬಿಸಿಲಲ್ಲಿ ಅಷ್ಟು ದೂರ ಹೋಗುವುದಿಲ್ಲ. ಕಪ್ಪು, ಗಾಢ ಕಂದು ಬಣ್ಣದ್ದು ಆ ಗಡಿಯ ಹತ್ತಿರ ಹೋಗುತ್ತದೆ. ತೇಗದ ಮರದ ಡಿಸೈನ್ ಚೆಂದ ಅಂತ ಪಡುಗೋಡೆಗೆ ಹಾಕಿಸಬೇಡಿ. ಬಿಳಿಯೇ ಇರಲಿ.

ಹಿಗ್ಗುವುದು ಮಾತ್ರ ನಿಜ. 3 ಮೀಟರ್ ಉದ್ದದ ಪ್ರೊಫೈಲ್, ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸ ಆದರೆ ಸುಮಾರು 6 ಎಂಎಂ ಹಿಗ್ಗುತ್ತದೆ. ಗೋಡೆಗೆ ತಾಗಿಸಿ ಬಿಗಿಯಾಗಿ ಕೂರಿಸಿದರೆ ಬೆನ್ನು ಬಾಗುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ. ಎರಡೂ ಕಡೆ ಸಂದು ಬಿಟ್ಟು ಸಿಲಿಕಾನ್ ತುಂಬಬೇಕು. ಬಿಸಿಲಿಗೆ ಬಾಗಿತು ಅಂತ ಬರುವ ದೂರುಗಳಲ್ಲಿ ಜಾಸ್ತಿ ಇಂಥವೇ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಯುಪಿವಿಸಿ ಕಿಟಕಿಯ ಚೌಕಟ್ಟೇ ಹೊರತು ಕಂಬ ಅಲ್ಲ. ಮಾಡಿನ ಭಾರ ಅದರ ಮೇಲೆ ಹಾಕುವಂತಿಲ್ಲ. ಫೋಟೋದಲ್ಲಿ ಕಾಣುವ ಗಾಜಿನ ಮನೆಯ ಒಳಗೆ ಸ್ಟೀಲೋ ಅಲ್ಯೂಮಿನಿಯಮ್ಮೋ ಅಡಗಿರುತ್ತದೆ. ನಿಮ್ಮ ಕೊಟೇಶನ್‌ನಲ್ಲಿ ಕಂಬದ ಲೆಕ್ಕ ಇದೆಯಾ ನೋಡಿ.

ಹಂಚಿನಮಾಡು

ಮೇಲಿನವರು ಒಳ್ಳೆಯ ಮಾತು ಹೇಳಿದ್ದಾರೆ. ನಾನು ಮನೆಗಳ ಪ್ಲಾನ್ ಮಾಡುವವಳು, ಉಡುಪಿ ಕಡೆಯವಳು. ನನ್ನ ಮಟ್ಟಿಗೆ ಇಲ್ಲಿ ಪ್ರಶ್ನೆ ಪ್ಲಾಸ್ಟಿಕ್ಕಿನದ್ದೇ ಅಲ್ಲ. ಗಾಜು ಎಷ್ಟು, ಎಲ್ಲಿ, ಮೇಲೇನು ಅನ್ನುವುದು.

ಸ್ವಲ್ಪ ಲೆಕ್ಕ ನೋಡಿ. ಬೇಸಿಗೆಯ ಸಂಜೆ ಪಡುಗೋಡೆಯ ಮೇಲೆ ಒಂದು ಚದರ ಮೀಟರಿಗೆ 600 ವ್ಯಾಟಿನ ಆಸುಪಾಸು ಬಿಸಿಲು ಬೀಳುತ್ತದೆ. ಸಾದಾ ಗಾಜು ಅದರಲ್ಲಿ ಹತ್ತಕ್ಕೆ ಎಂಟು ಪಾಲು ಒಳಗೆ ಬಿಡುತ್ತದೆ. 100 ಚದರಡಿ ಗಾಜು ಅಂದರೆ 9 ಚದರ ಮೀಟರ್ ಚಿಲ್ಲರೆ. ಅಲ್ಲಿಗೆ ಸುಮಾರು 4500 ವ್ಯಾಟ್ ಶಾಖ ಒಳಗೆ ಬಂತು. ಒಂದು ಟನ್ನಿನ ಏಸಿ ಹೊರಗೆ ಹಾಕುವುದು ಸುಮಾರು 3500 ವ್ಯಾಟ್. ಅಂದರೆ ಏಸಿ ಪೂರ್ತಿ ಓಡಿದರೂ ಸೋಲುತ್ತದೆ. ಮಾಡೂ ಗಾಜಿನದ್ದಾದರೆ ಕೇಳುವುದೇ ಬೇಡ. ನಮ್ಮ ಊರಲ್ಲಿ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಒಮ್ಮೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಶಾಲೆ ಮಕ್ಕಳಿಗೆ ಕೋಲು ನಿಲ್ಲಿಸಿ ತೋರಿಸುವುದು ಅದನ್ನೇ.

ಮಾಡು ಮುಂದೆ ಚಾಚಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ತೆಂಕು ದಿಕ್ಕಿಗೆ ಸಾಕು. ಪಡುವಿಗೆ ಸಾಲದು. ಏಪ್ರಿಲ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಹೆಚ್ಚುಕಡಿಮೆ 30 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. 3 ಅಡಿ ಚಾಚಿದ ಮಾಡಿನ ನೆರಳು ಗಾಜಿನ ಮೇಲೆ ಎರಡಡಿಯೂ ಇಳಿಯುವುದಿಲ್ಲ. ಉಳಿದದ್ದೆಲ್ಲ ಬಿಸಿಲು. ಅದನ್ನು ತಡೆಯಬೇಕಾದರೆ ಗಾಜಿನ ಹೊರಗೆ ಪರದೆ ಬೇಕು. ಬಿದಿರಿನ ಚಿಕ್, ರೋಲರ್, ಏನಾದರೂ ಸರಿ. ಒಳಗೆ ಕರ್ಟನ್ ಹಾಕಿದರೆ ಕಣ್ಣಿಗೆ ತಂಪು ಅಷ್ಟೆ, ಶಾಖ ಆಗಲೇ ಒಳಗೆ ಬಂದಾಗಿದೆ.

ನಾನಾಗಿದ್ದರೆ ಮೇಲೆ ಹಂಚು ಹಾಕುತ್ತಿದ್ದೆ. ಕೆಂಪುಕಲ್ಲಿನ ನಾಲ್ಕು ಕಂಬ, ಪಕಾಸು, ರೀಪು, ಮೇಲೆ ಮಂಗಳೂರು ಹಂಚು, ಕೆಳಗೆ ಸೀಲಿಂಗ್. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ಈ ಊರಿನ ಮಳೆಯನ್ನು ತಾಳಿಕೊಂಡು ಬಂದ ಮಾಡು ಅದು. ಕಂಬಗಳ ನಡುವೆ ಬೇಕಾದರೆ ನಿಮ್ಮ ಯುಪಿವಿಸಿ ಕಿಟಕಿ ಕೂರಿಸಿ.

ಕಾಪು_ಮನೆಮಗಳು

ಇಷ್ಟು ಚೆನ್ನಾಗಿ ಲೆಕ್ಕ ಹಾಕಿ ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಕೊಟೇಶನ್ ತೆಗೆದು ನೋಡಿದೆ, ಕಂಬದ ಸುದ್ದಿಯೇ ಇಲ್ಲ. ಫೋನ್ ಮಾಡಿದರೆ "ಅದೆಲ್ಲ ಪ್ರೊಫೈಲ್ ಒಳಗೇ ಬರ್ತದೆ" ಅಂದರು.

ಇನ್ನೊಂದು ಅನುಮಾನ. ಡಬಲ್ ಗ್ಲಾಸ್ ಹಾಕಿದರೆ ಸೆಕೆ ಕಡಿಮೆ ಆಗುತ್ತೆ ಅಂತಾರಲ್ಲ? ಅಮ್ಮನಿಗೆ ಹಂಚು ಅಂದರೆ ಖುಷಿಯೇ. ಅಪ್ಪ ಮಾತ್ರ "ಪುನಃ ಹಂಚು ಬದಲಿಸುವ ಕೆಲಸ ಬೇಡ" ಅನ್ನುತ್ತಾರೆ.

ಪ್ರೊಫೈಲ್_ಮಂಗಳೂರು

ಡಬಲ್ ಗ್ಲಾಸ್ ಕೆಲಸಕ್ಕೆ ಬರುವುದು ಕಿಟಕಿ ಮುಚ್ಚಿ ಏಸಿ ಹಾಕುವ ಕೋಣೆಗೆ. ನೀವು ಕಿಟಕಿ ತೆರೆದು ಕೂರುವವರು, ಅದಕ್ಕೆ ದುಡ್ಡು ಹಾಕಿ ಏನು ಮಾಡುತ್ತೀರಿ? ಜೊತೆಗೆ ಅಂಚಿನ ಸೀಲ್ ಬಿಟ್ಟರೆ ಎರಡು ಗಾಜಿನ ನಡುವೆ ಹಬೆ ಕಟ್ಟುತ್ತದೆ. ಅದನ್ನು ಒರೆಸಲು ಬರುವುದಿಲ್ಲ, ಇಡೀ ಗಾಜನ್ನೇ ಬದಲಿಸಬೇಕು.

ಪಡು ಬದಿಗೆ ಶಾಖ ತಡೆಯುವ ಕೋಟಿಂಗ್ ಇರುವ ಗಾಜು ಹಾಕಿಸಿ. ಅದರಲ್ಲಿ ಎರಡು ಜಾತಿ. ಗಟ್ಟಿ ಕೋಟಿಂಗ್ ಒಂಟಿ ಗಾಜಿಗೂ ನಡೆಯುತ್ತದೆ. ಮೆದು ಕೋಟಿಂಗಿನ ಲೋ-ಇ ಗಾಜು ಡಬಲ್ ಗ್ಲಾಸಿನ ಒಳಗೇ ಇರಬೇಕು, ಹೊರಗಿನ ಗಾಳಿ ತಾಗಿದರೆ ಕೋಟಿಂಗ್ ಹಾಳು. ಇದನ್ನು ಕೇಳದೆ ಹಾಕಿಸಿದವರ ಗಾಜಿನ ಮೇಲೆ ಕಲೆ ಕಲೆ ಎದ್ದದ್ದನ್ನು ನೋಡಿದ್ದೇನೆ.

"ಪ್ರೊಫೈಲ್ ಒಳಗೇ ಬರ್ತದೆ" ಅಂದದ್ದು ಜಿಐ ಪಟ್ಟಿ, ಸತು ಲೇಪಿಸಿದ ಕಬ್ಬಿಣದ್ದು. ಅದು ಕಿಟಕಿ ಅಲುಗದಿರಲು, ಮಾಡು ಹೊರಲು ಅಲ್ಲ. ಅದಾದರೂ ಇದೆಯಾ ನೋಡಲು ಸುಲಭದ ದಾರಿ: ಒಂದು ಒಳ್ಳೆ ಅಯಸ್ಕಾಂತ ತೆಗೆದುಕೊಂಡು ಹೋಗಿ ಪ್ರೊಫೈಲ್ ಉದ್ದಕ್ಕೂ ಎಳೆಯಿರಿ. ಎಲ್ಲಿ ಎಳೆತ ಸಿಗುವುದಿಲ್ಲವೋ ಅಲ್ಲಿ ಒಳಗೆ ಟೊಳ್ಳು.

ಟ್ಯಾಂಪಾ_ಕನ್ನಡಿಗ

ಫ್ಲಾರಿಡಾದಿಂದ ಬರೆಯುತ್ತಿದ್ದೇನೆ, ಊರು ಸುರತ್ಕಲ್. ಇಲ್ಲಿನ ಸೆಕೆ, ಮಳೆ, ಉಪ್ಪುಗಾಳಿ ಎಲ್ಲ ನಮ್ಮೂರಿನ ಥರವೇ. ವಿನೈಲ್ ಸನ್‌ರೂಮ್ ಇಲ್ಲಿ ಬೀದಿಗೆ ಒಂದೆರಡು ಸಿಗುತ್ತವೆ. ಆದರೆ ಒಂದು ಗಮನಿಸಿ. ನಮ್ಮ ಬೀದಿಯಲ್ಲಿ ಮೇಲೆ ಗಾಜು ಇರುವ ಒಂದೂ ಮನೆ ಇಲ್ಲ. ಮೇಲೆ ಮನೆಯದ್ದೇ ಮಾಡು ಮುಂದುವರಿದಿರುತ್ತದೆ, ಇಲ್ಲವಾದರೆ ಎರಡು ಅಲ್ಯೂಮಿನಿಯಂ ಹಾಳೆಯ ನಡುವೆ ಫೋಮ್ ತುಂಬಿದ ಪ್ಯಾನೆಲ್. ಇದನ್ನು ಲಾನಾಯ್ ಅನ್ನುತ್ತಾರೆ, ನೋಡಿದರೆ ನಮ್ಮ ಜಗಲಿಯೇ.

ಇಲ್ಲಿ ವಿನೈಲ್ ಕಿಟಕಿ ಅಂದರೆ ಕೆಲವೊಮ್ಮೆ ಬೇರೆಯೇ ವಸ್ತು. ಅಲ್ಯೂಮಿನಿಯಂ ಚೌಕಟ್ಟಿಗೆ ಗಾಜಿನ ಬದಲು ದಪ್ಪ ಪಾರದರ್ಶಕ ವಿನೈಲ್ ಹಾಳೆ. ನಾಲ್ಕು ಅಂಕಣ ಒಂದರ ಮೇಲೊಂದು ಸರಿದು ಮುಕ್ಕಾಲು ಭಾಗ ತೆರೆಯುತ್ತದೆ, ಹಿಂದೆ ಸೊಳ್ಳೆ ಜಾಲರಿ. ಹಗುರ, ಒಡೆಯುವುದಿಲ್ಲ, ಗಾಳಿಗೆ ಚೆನ್ನಾಗಿದೆ. ಬಿಸಿಲಿಗೆ ವರ್ಷ ಹೋದಂತೆ ಮಂಕಾಗುತ್ತದೆ, ಹಾಳೆ ಬದಲಿಸುತ್ತಾರೆ. ಬಿರುಗಾಳಿ ತಡೆಯುವ ವಸ್ತು ಅದಲ್ಲ.

ಬಿರುಗಾಳಿಯ ಕಥೆ ಇಲ್ಲಿ ಬೇರೆ. 1992ರ ಆಂಡ್ರ್ಯೂ ಚಂಡಮಾರುತ ಮನೆಗಳನ್ನು ಕಿತ್ತುಹಾಕಿದ ಮೇಲೆ ಕಟ್ಟಡ ನಿಯಮ ಬಿಗಿಯಾಯಿತು, 2002ರಿಂದ ಇಡೀ ರಾಜ್ಯಕ್ಕೆ ಒಂದೇ ಕೋಡ್. ಸಣ್ಣ ಸನ್‌ರೂಮ್ ಆದರೂ ಪರ್ಮಿಟ್ ಬೇಕು, ಎಂಜಿನಿಯರ್ ಸಹಿ ಬೇಕು. 2024ರ ಅಕ್ಟೋಬರ್ 9ಕ್ಕೆ ಮಿಲ್ಟನ್ ಚಂಡಮಾರುತ ನಮ್ಮ ತೆಂಕಿಗೆ ಸಿಯೆಸ್ಟಾ ಕೀ ಹತ್ತಿರ ದಡ ಸೇರಿತು. ನಮ್ಮ ಬೀದಿಯಲ್ಲಿ ಗಾಜಿಗಿಂತ ಜಾಸ್ತಿ ಹೋದದ್ದು ಬರೀ ಸ್ಕ್ರೀನಿನ ಗೂಡುಗಳು ಮತ್ತು ಸರಿಯಾಗಿ ಬಿಗಿಯದ ಮಾಡಿನ ಪ್ಯಾನೆಲ್‌ಗಳು. ಗಾಳಿ ಒಳಗೆ ನುಗ್ಗಿ ಮಾಡನ್ನು ಕೆಳಗಿನಿಂದ ಎತ್ತುತ್ತದೆ. ನೀವು ಕೇಳಬೇಕಾದ್ದು ಮಾಡು ಎಷ್ಟು ಭಾರ ಹೊರುತ್ತದೆ ಅಂತ ಅಲ್ಲ, ಎದ್ದು ಹೋಗದಂತೆ ಯಾವುದಕ್ಕೆ ಕಟ್ಟಿದ್ದೀರಿ ಅಂತ.

ಕಾರವಾರ_ಕಡಲು

ಗಾಳಿಯ ಮಾತು ಬಂತಲ್ಲ. ಕಟ್ಟಡದ ಮೇಲೆ ಬೀಳುವ ಭಾರ, ಗಾಳಿಯ ಬಗ್ಗೆ ಇರುವ ನಮ್ಮ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗದಲ್ಲಿ ಮಂಗಳೂರಿಗೆ ಕೊಟ್ಟ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಗಂಟೆಗೆ 140 ಕಿಲೋಮೀಟರ್ ಆಯಿತು. ಬೆಂಗಳೂರಿಗೆ 33. ಬೆಂಗಳೂರಿನ ಅಪಾರ್ಟ್‌ಮೆಂಟ್ ಬಾಲ್ಕನಿಗೆ ಹಾಕುವ ಸೆಕ್ಷನ್ನನ್ನೇ ತಂದು ಕಾಪುವಿನಲ್ಲಿ ಕೂರಿಸಿದರೆ ಆಗುವುದಿಲ್ಲ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ, ಹಾಗಾಗಿ 33ಕ್ಕೂ 39ಕ್ಕೂ ಒತ್ತಡದಲ್ಲಿ ಸುಮಾರು 40% ವ್ಯತ್ಯಾಸ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಅದು ನಮ್ಮಲ್ಲಿ ದಡ ಸೇರಲೇ ಇಲ್ಲ, ದೂರದಿಂದ ಹಾದು ಗುಜರಾತಿಗೆ ಹೋಯಿತು. ಅಷ್ಟಕ್ಕೇ ಎಷ್ಟು ಶೀಟು ಹಾರಿದವು ನೆನಪಿದೆಯಲ್ಲ.

ಎರಡನೆಯದು ತೆಂಗಿನ ಮರ. ಕಾಪುವಿನಲ್ಲಿ ಮನೆ ಅಂದರೆ ಪಕ್ಕದಲ್ಲಿ ತೆಂಗು ಇರಲೇಬೇಕು. ಲ್ಯಾಮಿನೇಟೆಡ್ ಗಾಜಾದರೆ ಕಾಯಿ ಬಿದ್ದಾಗ ಚೂರು ತಲೆ ಮೇಲೆ ಬೀಳುವುದಿಲ್ಲ ನಿಜ, ಬಿರುಕಂತೂ ಬಿಡುತ್ತದೆ. ಒಂದು ಒಣ ಮಡಲು ಸಾಕು.

ಮೂರನೆಯದು ಕಾಗದ ಪತ್ರ. ಭರತದ ಗೆರೆಯಿಂದ 500 ಮೀಟರ್ ಒಳಗಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬರುತ್ತದೆ. ಇರುವ ಪಾಯದ ಮೇಲೆಯೇ ಮಾಡುವುದಕ್ಕೂ, ಎರಡಡಿ ಹೊರಗೆ ಚಾಚುವುದಕ್ಕೂ ತುಂಬ ವ್ಯತ್ಯಾಸ ಇದೆ. ಗ್ರಿಲ್ ತೆಗೆದು ಗಾಜು ಹಾಕಿದರೆ ಅದು ಕೋಣೆಯ ಲೆಕ್ಕಕ್ಕೆ ಬಂದು ತೆರಿಗೆ ಬದಲಾಗಬಹುದು. ಪುರಸಭೆಯಲ್ಲಿ ಒಂದು ಸ್ಕೆಚ್ ಕೊಟ್ಟು ಮೊದಲೇ ಕೇಳಿ. ಫ್ಯಾಬ್ರಿಕೇಟರ್ "ಅದೆಲ್ಲ ಬೇಡ" ಅಂದರೆ, ನೋಟಿಸು ಬರುವುದು ಅವರ ಮನೆಗಲ್ಲ.

ಮುರಕಲ್ಲು

ಕುಂದಾಪುರದ ಕೋಡಿಯಲ್ಲಿ ನಮ್ಮ ಮನೆ. ಸಮುದ್ರ ಎದುರಿಗೇ. ಮುಂದಿನ ಜಗಲಿಗೆ ಯುಪಿವಿಸಿ ಕಿಟಕಿ ಹಾಕಿಸಿ ತುಂಬ ಮಳೆಗಾಲ ಕಳೆದಿದೆ. "ವರ್ಷಕ್ಕೊಮ್ಮೆ ಒರೆಸಿದರೆ ಸಾಕು" ಅನ್ನುವವರಿಗೆ ನಮ್ಮ ಮನೆ ತೋರಿಸಬೇಕು.

ಪ್ಲಾಸ್ಟಿಕ್‌ಗೆ ಏನೂ ಆಗಿಲ್ಲ, ಇವತ್ತಿಗೂ ಬಿಳಿ. ಹಾಳಾಗುವುದು ಅದಕ್ಕೆ ಸೇರಿಸಿದ ಕಬ್ಬಿಣ. ಮೊದಲು ಸ್ಕ್ರೂ ತಲೆ ಕೆಂಪಾಯಿತು. ಆಮೇಲೆ ಹಿಂಜ್. ನಂತರ ಕೆಳಗಿನ ನೀರು ಹೋಗುವ ತೂತಿನಿಂದ ಕಂದು ಬಣ್ಣದ ನೀರು ಗೋಡೆಗೆ ಇಳಿಯಲು ಶುರುವಾಯಿತು. ಒಳಗಿನ ಜಿಐ ಪಟ್ಟಿಯನ್ನು ಕತ್ತರಿಸಿದ ತುದಿಗೆ ಏನೂ ಬಳಿದಿರಲಿಲ್ಲ, ಅಲ್ಲಿಂದ ತುಕ್ಕು ಹತ್ತಿದ್ದು. ಈಗ ಹಿಂಜು, ಲಾಕು, ಸ್ಕ್ರೂ ಎಲ್ಲ ಎಸ್‌ಎಸ್ 316 ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸಿದ್ದೇವೆ. 304 ಒಳನಾಡಿಗೆ ಸಾಕು, ಕಡಲ ಬದಿಯಲ್ಲಿ ಅದಕ್ಕೂ ಚುಕ್ಕಿ ಚುಕ್ಕಿ ತುಕ್ಕು ಬರುತ್ತದೆ. 316ರಲ್ಲಿ ಮಾಲಿಬ್ಡಿನಂ ಇರುವುದರಿಂದ ಉಪ್ಪಿಗೆ ತಡೆದುಕೊಳ್ಳುತ್ತದೆ. ಕಟ್ ಮಾಡಿದ ತುದಿಗೆ ಝಿಂಕ್ ಪೇಂಟ್ ಹೊಡೆಯಲು ಹೇಳಿ, ಎದುರಿಗೇ ನಿಂತು ಹೊಡೆಸಿ.

ನೀರಿನ ತೂತಿನ ಸುದ್ದಿ ಇನ್ನೂ ಸ್ವಲ್ಪ ಹೇಳಬೇಕು. ಟ್ರ್ಯಾಕಿಗೆ ಬಿದ್ದ ಮಳೆನೀರು ಹೊರಗೆ ಹೋಗಲು ಸಣ್ಣ ಸಣ್ಣ ಸೀಳು ಇರುತ್ತದೆ. ಕುಂಬಾರ ಹುಳಕ್ಕೆ ಅದು ಬಹಳ ಇಷ್ಟ. ಮಾರ್ಚ್ ಏಪ್ರಿಲ್‌ನಲ್ಲಿ ಮಣ್ಣು ತಂದು ಮೆತ್ತಿ ಒಳಗೆ ಮೊಟ್ಟೆ ಇಟ್ಟು ಹೋಗುತ್ತದೆ. ನಿಮಗೆ ಗೊತ್ತಾಗುವುದು ಜೂನ್‌ನ ಮೊದಲ ಜೋರು ಮಳೆಗೆ, ನೀರು ಹೊರಗೆ ಹೋಗದೆ ಕೋಣೆಯೊಳಗೆ ತುಳುಕಿದಾಗ. ಮೇ ತಿಂಗಳಲ್ಲಿ ಒಂದು ತೆಂಗಿನ ಕಡ್ಡಿ ಹಿಡಿದು ಎಲ್ಲಾ ತೂತು ಚುಚ್ಚಿ, ಮೇಲಿನಿಂದ ಒಂದು ಚೊಂಬು ನೀರು ಹೊಯ್ದು ನೋಡಿ. ಏಣಿ ಬೇಡ, ನೆಲದಲ್ಲಿ ಕೂತು ಮಾಡುವ ಕೆಲಸ.

ಉಪ್ಪು ತೊಳೆಯುವುದೂ ಅಷ್ಟೇ. ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತದೆ. ನವೆಂಬರಿನಿಂದ ಮೇವರೆಗೆ ತಿಂಗಳಿಗೊಮ್ಮೆ ಪೈಪಿನಲ್ಲಿ ಸಿಹಿನೀರು ಬಿಟ್ಟರೆ ಸಾಕು. ಪಾತ್ರೆ ಸೋಪು ನಡೆಯುತ್ತದೆ. ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ, ಹೊಳಪು ಹೋಗುತ್ತದೆ. ರೋಲರಿಗೆ ತೆಂಗಿನೆಣ್ಣೆಯನ್ನಂತೂ ಹಾಕಲೇಬೇಡಿ. ನಮ್ಮ ಮನೆಯಲ್ಲಿ ಯಾರೋ ಹಾಕಿ, ಮರಳೆಲ್ಲ ಅಂಟಿ ಬಾಗಿಲು ಕಿರುಗುಟ್ಟಲು ಶುರುವಾಗಿತ್ತು. ಸಿಲಿಕಾನ್ ಸ್ಪ್ರೇ ಸಿಗುತ್ತದೆ, ಅದನ್ನು ಹಾಕಿ.

ಸೆಕೆಯಪ್ಪ_ಸೆಕೆ

ಕುಂಬಾರ ಹುಳಕ್ಕೂ ಸೀ-ವ್ಯೂ ಮನೆ ಬೇಕು ನೋಡಿ.

ಹಂಚಿನಮಾಡು

ಮುರಕಲ್ಲು ಸರ್, ನಿಮ್ಮದು ಸ್ಲೈಡಿಂಗಾ, ಕೇಸ್‌ಮೆಂಟಾ? ಕೇಳಲು ಕಾರಣ ಇದೆ. ಎರಡು ಟ್ರ್ಯಾಕಿನ ಸ್ಲೈಡಿಂಗ್ ಎಷ್ಟೇ ತೆರೆದರೂ ಅರ್ಧವೇ. ಮೂರು ಟ್ರ್ಯಾಕಾದರೆ ಮೂರರಲ್ಲಿ ಎರಡು ಪಾಲು. ಬಾಗಿಲಿನಂತೆ ಹೊರಗೆ ತೆರೆಯುವ ಕೇಸ್‌ಮೆಂಟ್ ಪೂರ್ತಿ ತೆರೆಯುತ್ತದೆ. ನಮ್ಮಲ್ಲಿ ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಬರುತ್ತದೆ, ಇಡೀ ಮನೆ ಉಸಿರಾಡುವುದು ಅದರಿಂದ. ಈ ಸಿಟ್‌ಔಟ್ ಮನೆಯ ಮುಂದೆ ಪಡುವಿಗೇ ಇದೆ. ಅದನ್ನು ಅರ್ಧ ಮುಚ್ಚಿದರೆ ಹಿಂದಿನ ಹಾಲ್, ಅಡುಗೆಮನೆ ಎಲ್ಲದಕ್ಕೂ ಗಾಳಿ ಅರ್ಧ. ಸಿಟ್‌ಔಟ್ ಸರಿಮಾಡಲು ಹೋಗಿ ಇಡೀ ಮನೆಗೆ ಸೆಕೆ ಹೆಚ್ಚಿಸಿಕೊಂಡವರಿದ್ದಾರೆ.

ಮುರಕಲ್ಲು

ನಮ್ಮದು ಪಡುವಿಗೆ ಕೇಸ್‌ಮೆಂಟ್, ಬದಿಗಳಿಗೆ ಸ್ಲೈಡಿಂಗ್. ಮಳೆಗೂ ಕೇಸ್‌ಮೆಂಟೇ ಒಳ್ಳೆಯದು. ಲಾಕ್ ಹಾಕಿದರೆ ರಬ್ಬರಿಗೆ ಒತ್ತಿ ಕೂರುತ್ತದೆ. ಸ್ಲೈಡಿಂಗಿಗೆ ಬ್ರಶ್ಶಿನ ಸೀಲ್, ಅದರಲ್ಲಿ ಇರಚಲು ಹೇಗೂ ಸ್ವಲ್ಪ ನುಗ್ಗುತ್ತದೆ.

ಪ್ರೊಫೈಲ್_ಮಂಗಳೂರು

ಇದನ್ನು ಪೂರ್ತಿ ಒಪ್ಪಲಾರೆ. ಹೊರಗೆ ತೆರೆಯುವ ಕೇಸ್‌ಮೆಂಟ್ ಜೂನ್‌ನ ಗಾಳಿಗೆ ಸಿಕ್ಕಿದರೆ ಹಿಂಜ್ ಕಿತ್ತು ಬರುತ್ತದೆ. ವಯಸ್ಸಾದವರು ಗಾಳಿಗೆ ಎದುರಾಗಿ ಕೈ ಹೊರಗೆ ಚಾಚಿ ಎಳೆದು ಮುಚ್ಚಬೇಕು. ಸ್ಲೈಡಿಂಗ್ ಆದರೆ ಒಂದು ಬೆರಳಲ್ಲಿ ಸರಿಯುತ್ತದೆ. ಸೊಳ್ಳೆ ಜಾಲರಿ ಹಾಕುವುದೂ ಅದರಲ್ಲೇ ಸುಲಭ. ನನ್ನ ಸಲಹೆ, ಮೂರು ಟ್ರ್ಯಾಕ್, ಮೂರನೆಯದರಲ್ಲಿ ಜಾಲರಿ. ಮಳೆಗೆ ಹೊಸಿಲು ಎತ್ತರ ಇರುವ ಟ್ರ್ಯಾಕ್ ಕೇಳಿ.

ಹಂಚಿನಮಾಡು

ಮೂರನೆಯ ಟ್ರ್ಯಾಕ್ ಜಾಲರಿಗೆ ಹೋದರೆ ತೆರೆಯುವುದು ಮತ್ತೆ ಅರ್ಧವೇ ಆಯಿತಲ್ಲ ಸರ್. ಕೇಸ್‌ಮೆಂಟಿನ ಪಲ್ಲೆಯನ್ನು (ತೆರೆಯುವ ಭಾಗ) ಎರಡಡಿಗಿಂತ ಅಗಲ ಮಾಡದಿದ್ದರೆ, ಒಳ್ಳೆಯ ಫ್ರಿಕ್ಷನ್ ಹಿಂಜ್ ಹಾಕಿದರೆ ಗಾಳಿಗೆ ಏನೂ ಆಗುವುದಿಲ್ಲ. ದೊಡ್ಡ ದೊಡ್ಡ ಪಲ್ಲೆ ಮಾಡಿದಾಗ ಮಾತ್ರ ಕಿತ್ತು ಬರುವುದು. ಎಳೆದು ಮುಚ್ಚುವ ಕಷ್ಟ ಮಾತ್ರ ನೀವು ಹೇಳಿದ್ದು ನಿಜ, ಅದನ್ನು ಮನೆಯವರೇ ಒಮ್ಮೆ ಮಾಡಿ ನೋಡಬೇಕು.

ಅಡಿಕೆತೋಟ_ಪುತ್ತೂರು

ಬಟ್ಟೆಯ ಸುದ್ದಿ ಎಲ್ಲರೂ ಬಿಟ್ಟಿರಿ. ಜುಲೈನಲ್ಲಿ ಗಾಳಿಯ ತೇವ 90%ರ ಹತ್ತಿರ ಇರುತ್ತದೆ. ಮುಚ್ಚಿದ ಗಾಜಿನ ಕೋಣೆಯಲ್ಲಿ ಹಸಿ ಬಟ್ಟೆ ಹಾಕಿದರೆ ಆ ನೀರು ಎಲ್ಲಿಗೆ ಹೋಗಬೇಕು? ಗಾಜಿನ ಮೇಲೆ ಇಳಿಯುತ್ತದೆ, ಬಟ್ಟೆಗೆ ಬೂಷ್ಟು ವಾಸನೆ, ಕುರ್ಚಿ ಕುಶನ್ನಿಗೂ ಬೂಷ್ಟು. ಮಾಡಿನ ಕೆಳಗೆ ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಒಂದಡಿ ಓರೆ ಪಟ್ಟಿಯ ಲೂವರ್ ಬಿಡಿ. ಮಳೆ ಬರುವುದಿಲ್ಲ, ಬಿಸಿಗಾಳಿ ಮೇಲಿನಿಂದ ಹೋಗುತ್ತದೆ. ಒಂದು ಫ್ಯಾನ್ ಹಾಕಿ. ಬಟ್ಟೆ ಒಣಗಿಸುವುದು ಬಿಸಿಲಿಗಿಂತ ಜಾಸ್ತಿ ಗಾಳಿ.

ಲಾವಂಚದ ತಟ್ಟಿ, ಏರ್ ಕೂಲರ್ ಅಂತ ಯಾರಾದರೂ ಹೇಳಿದರೆ ನಗಾಡಿ ಬಿಡಿ. ಅವು ಕಲಬುರಗಿಯ ಒಣ ಸೆಕೆಗೆ. ನಮ್ಮಲ್ಲಿ ನೀರು ಆವಿಯಾಗಲು ಗಾಳಿಯಲ್ಲಿ ಜಾಗವೇ ಇಲ್ಲ.

ಕಾಪು_ಮನೆಮಗಳು

ವಾರಾಂತ್ಯಕ್ಕೆ ಊರಿಗೆ ಬಂದಿದ್ದೆ. ಆ ಫ್ಯಾಬ್ರಿಕೇಟರ್ ಶೋರೂಮಿಗೆ ಅಯಸ್ಕಾಂತ ಹಿಡಿದುಕೊಂಡು ಹೋದೆವು. ಅಮ್ಮನೇ ಎಳೆದರು. ಹೊರ ಚೌಕಟ್ಟಿಗೆ ಅಂಟಿತು. ಸರಿಯುವ ಪಲ್ಲೆಯ ಒಂದು ಬದಿಗೆ ಅಂಟಿತು, ಇನ್ನೊಂದು ಬದಿಗೆ ಜಾರಿ ಕೆಳಗೆ ಬಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಸ್ಯಾಂಪಲ್ ಮೇಡಂ" ಅಂದರು. ಅಲ್ಲಿಗೆ ಬೇರೆಯವರನ್ನು ನೋಡುವುದು ಅಂತ ಆಯಿತು.

ಈಗ ಮನೆಯಲ್ಲಿ ಒಪ್ಪಿದ್ದು ಹೀಗೆ. ಗಾಜಿನ ಮಾಡು ಇಲ್ಲ. ಇರುವ ಪಾಯದ ಮೇಲೆಯೇ ಕೆಂಪುಕಲ್ಲಿನ ಕಂಬ. ಮೇಲೆ ಹಂಚೋ, ಫೋಮ್ ತುಂಬಿದ ಪಫ್ ಪ್ಯಾನೆಲ್ಲೋ ಅಂತ ಅಪ್ಪ ಅಮ್ಮನ ನಡುವೆ ಇನ್ನೂ ನಡೆಯುತ್ತಿದೆ. ಎರಡೂವರೆ ಅಡಿ ಎತ್ತರದವರೆಗೆ ಗೋಡೆ, ಮೇಲೆ ಬಿಳಿ ಯುಪಿವಿಸಿ. ಪಡುವಿಗೆ ಸಣ್ಣ ಪಲ್ಲೆಯ ಕೇಸ್‌ಮೆಂಟ್, ತೆಂಕು ಬಡಗಿಗೆ ಸ್ಲೈಡಿಂಗ್. ಅಪ್ಪ ಒಂದು ಕಡೆ ಕೇಸ್‌ಮೆಂಟ್ ಎಳೆದು ಮುಚ್ಚಿ ನೋಡಿದರು, "ಇಷ್ಟಾದರೂ ಮಾಡದಿದ್ದರೆ ಕೈ ಯಾಕೆ" ಅಂದರು. ಮೇಲೆ ಲೂವರ್, ಪಡುವಿಗೆ ಹೊರಗಡೆ ಬಿದಿರಿನ ಚಿಕ್. ಪುರಸಭೆಗೆ ಸ್ಕೆಚ್ ಕೊಟ್ಟಿದ್ದೇವೆ.

ಎರಡು ಪ್ರಶ್ನೆ ಉಳಿದಿದೆ. ಪಫ್ ಪ್ಯಾನೆಲ್ ಮೇಲೆ ಮಳೆ ಬಿದ್ದರೆ ಸದ್ದು ಜಾಸ್ತಿ ಇರುತ್ತಾ? ಜಾಲರಿ ಯಾವುದು ಒಳ್ಳೆಯದು?

ಟ್ಯಾಂಪಾ_ಕನ್ನಡಿಗ

ಒಂಟಿ ಶೀಟಿಗಿಂತ ತುಂಬ ಕಮ್ಮಿ, ಆದರೆ ಸದ್ದು ಇದ್ದೇ ಇರುತ್ತದೆ. ನಮ್ಮಲ್ಲಿ ಜೋರು ಮಳೆಗೆ ಟಿವಿ ವಾಲ್ಯೂಮ್ ಏರಿಸಬೇಕಾಗುತ್ತದೆ. ಫೋನಲ್ಲಿ ಮಾತಾಡುವುದಿದ್ದರೆ ಹಂಚೇ ಗೆಲ್ಲುತ್ತದೆ. ಪ್ಯಾನೆಲ್ ಹಾಕಿಸಿದರೆ 50 ಎಂಎಂಗಿಂತ ತೆಳುವಿನದ್ದು ಬೇಡ.

ಪ್ರೊಫೈಲ್_ಮಂಗಳೂರು

ಕೇಸ್‌ಮೆಂಟಿಗೆ ಜಾಲರಿ ಒಳಗಡೆ ಬರುತ್ತದೆ. ಮಡಚುವ ಪ್ಲೀಟೆಡ್ ಜಾಲರಿ ಚೆಂದ, ಆದರೆ ಅದರ ದಾರ ಮಳೆಗಾಲದಲ್ಲಿ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಫೈಬರ್‌ಗ್ಲಾಸ್ ಜಾಲರಿ ಅಗ್ಗ, ತುಕ್ಕು ಇಲ್ಲ, ಬೆಕ್ಕಿನ ಉಗುರಿಗೆ ಹರಿಯುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಎಸ್‌ಎಸ್ 316 ಜಾಲರಿ. ಬೂದು ಅಥವಾ ಕಪ್ಪು ಬಣ್ಣ ತೆಗೆದುಕೊಳ್ಳಿ, ಬಿಳಿ ಜಾಲರಿಯಲ್ಲಿ ಹೊರಗಿನ ನೋಟ ಮಸುಕಾಗುತ್ತದೆ.

ಸಿಲಿಕಾನ್ ನ್ಯೂಟ್ರಲ್ ಜಾತಿಯದ್ದೇ ಇರಲಿ. ವಿನೆಗರ್ ವಾಸನೆ ಬರುವ ಅಗ್ಗದ್ದು ಜಿಐ ಪಟ್ಟಿ, ಸ್ಕ್ರೂ ಎಲ್ಲವನ್ನೂ ತಿನ್ನುತ್ತದೆ. ಟ್ಯೂಬ್ ತೆರೆದಾಗ ಮೂಸಿ ನೋಡಿದರೆ ಸಾಕು.

ಕಾಪು_ಮನೆಮಗಳು

ಬೆಕ್ಕು ಇಲ್ಲ, ಪಕ್ಕದ ಮನೆಯ ಬೆಕ್ಕು ಇದೆ. ಹಾಗಾಗಿ 316. ಹೊಸ ಫ್ಯಾಬ್ರಿಕೇಟರ್ ಮೇ ಮೂರನೇ ವಾರ ಕೆಲಸ ಶುರು ಮಾಡುತ್ತೇನೆ ಅಂದಿದ್ದಾರೆ.

ಮುರಕಲ್ಲು

ಬೇಡ ಮಾರಾಯ್ರೆ. ಮೇ ಮೂರನೇ ವಾರ ಅಂದರೆ ಪತ್ತನಾಜೆ (ಮಳೆಗಾಲ ಹತ್ತಿರ ಬಂತು ಅಂತ ತುಳುವರು ಎಣಿಸುವ ದಿನ) ಬಂದೇ ಬಿಟ್ಟಿತು, ಮಳೆ ಯಾವಾಗ ಹನಿಯುತ್ತದೆ ಹೇಳಲಾಗದು. ಮುರಕಲ್ಲು, ಅಂದರೆ ನಿಮ್ಮ ಕೆಂಪುಕಲ್ಲು, ಒಮ್ಮೆ ನೀರು ಕುಡಿದರೆ ದಿನಗಟ್ಟಲೆ ಒಣಗುವುದಿಲ್ಲ, ಒದ್ದೆ ಕಲ್ಲಿಗೆ ಸಿಲಿಕಾನ್ ಹಿಡಿಯುವುದೂ ಇಲ್ಲ. ಏಪ್ರಿಲ್ ಒಳಗೆ ಆಗುತ್ತದಾ ಕೇಳಿ. ಆಗದಿದ್ದರೆ ಈ ಮಳೆಗಾಲ ಗ್ರಿಲ್ಲಿಗೆ ಟಾರ್ಪಾಲ್ ಕಟ್ಟಿ ದೂಡಿ, ಕಿಟಕಿ ದೀಪಾವಳಿ ಕಳೆದ ಮೇಲೆ ಕೂರಿಸಿ. ಅಡ್ವಾನ್ಸ್ ಮಾತ್ರ ಈಗಲೇ ಪೂರ್ತಿ ಕೊಡಬೇಡಿ.